ಬರ್ಲಿನ್ ಬಿಟ್ಟು ಜರ್ಮನಿಯ ಸಣ್ಣ ಊರುಗಳಲ್ಲಿ ಕೆಲಸ ಹುಡುಕಿದವರು ಇದ್ದೀರಾ?

ಹೊಸಬ:
ಎಲ್ಲರಿಗೂ ನಮಸ್ಕಾರ. ಚಾನ್ಸೆನ್‌ಕಾರ್ಟೆ (ಕೆಲಸ ಹುಡುಕಲು ಕೊಡುವ ವೀಸಾ) ಮೇಲೆ ಜರ್ಮನಿಗೆ ಬಂದು ಬರ್ಲಿನ್‌ನಲ್ಲಿ ಇದ್ದೇನೆ. ಓದಿದ್ದು ಎಲೆಕ್ಟ್ರಾನಿಕ್ಸ್. ಕೆಲಸ ಮಾಡಿದ್ದು ಎಂಬೆಡೆಡ್ (ಯಂತ್ರದ ಒಳಗೇ ಕೂರುವ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್) ಟೆಸ್ಟಿಂಗ್‌ನಲ್ಲಿ, ಅದರಲ್ಲೂ ಮೋಟಾರ್ ಕಂಟ್ರೋಲರ್ ಕಡೆ ಜಾಸ್ತಿ. ಜರ್ಮನ್ ಭಾಷೆಯ ಎ2 ಹಂತ ಮುಗಿದಿದೆ, ಅದರ ಮುಂದಿನ ಬಿ1 ಕ್ಲಾಸ್ ನಡೆಯುತ್ತಿದೆ. ಗೆಳೆಯರ ಜೊತೆ ರೂಮ್ ಇತ್ತು ಅಂತ ಬರ್ಲಿನ್‌ನಲ್ಲೇ ಇಳಿದುಕೊಂಡೆ. ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಕೆಲಸ ಮಾಡಿಕೊಂಡು ಖರ್ಚು ತೂಗಿಸುತ್ತಿದ್ದೇನೆ.

ಅರ್ಜಿ ಹಾಕುತ್ತಲೇ ಇದ್ದೇನೆ. ಹೆಚ್ಚಿನದಕ್ಕೆ ಉತ್ತರವೇ ಇಲ್ಲ. ಬಂದರೆ ‘ಲೈಡರ್’ (ದುರದೃಷ್ಟಕ್ಕೆ) ಅಂತ ಶುರುವಾಗುವ ಅದೇ ಎರಡು ಸಾಲಿನ ಮೇಲ್. ಯಾರನ್ನು ಕೇಳಿದರೂ ಮ್ಯೂನಿಕ್‌ಗೆ ಹೋಗು ಅನ್ನುತ್ತಾರೆ, ಅಲ್ಲಿನ ಬಾಡಿಗೆ ನೋಡಿದರೆ ತಲೆ ತಿರುಗುತ್ತದೆ. ಸಣ್ಣ ಊರುಗಳಲ್ಲಿ ಕೆಲಸ ಇದೆ ಅಂತಾರೆ, ಸರಿ, ಆದರೆ ಯಾವ ಊರು? ಹೆಸರೇ ಕೇಳಿರದ ಊರನ್ನು ಹುಡುಕುವುದು ಹೇಗೆ? ಭಾಷೆ ಎಷ್ಟು ಬೇಕು? ಹೆಂಡತಿ ಆಮೇಲೆ ಬರಬೇಕು, ಅವಳದು ಅಕೌಂಟ್ಸ್ ಕೆಲಸ. ಕಾರ್ಡ್ ಇರುವುದು ಒಂದೇ ವರ್ಷಕ್ಕೆ. ನೇರವಾಗಿ ಹೇಳಿ, ಸಮಾಧಾನದ ಮಾತು ಬೇಡ.

ನಟ್ಟುಬೋಲ್ಟು:
ಮೋಟಾರ್ ಕಂಟ್ರೋಲರ್ ಅಂತ ಬರೆದು ಬರ್ಲಿನ್‌ನಲ್ಲಿ ಕೂತಿದ್ದೀರಲ್ಲ ಮಾರಾಯ್ರೇ!

ಮೊದಲು ಮ್ಯಾಪ್ ತೆಗೆಯಿರಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಈಶಾನ್ಯ ಮೂಲೆಯಲ್ಲಿ ಹೋಹೆನ್‌ಲೋಹೆ ಅಂತ ಒಂದು ಜಿಲ್ಲೆ ಇದೆ. ಹೊಲ, ಗುಡ್ಡ, ಎರಡು ನದಿ, ನೋಡಿದರೆ ಇಲ್ಲಿ ಏನಿದೆ ಅನ್ನಿಸುತ್ತದೆ. ಅಲ್ಲಿನ ಮುಲ್ಫಿಂಗೆನ್ ಅನ್ನುವ ಹಳ್ಳಿಯಲ್ಲಿ ಇಬಿಎಂ-ಪಾಪ್ಸ್ಟ್ ಇದೆ, ಕೈಗಾರಿಕೆಗೆ ಬೇಕಾದ ಫ್ಯಾನು ಮತ್ತು ಅದರ ಮೋಟಾರ್ ಮಾಡುವುದರಲ್ಲಿ ಜಗತ್ತಿಗೇ ದೊಡ್ಡ ಹೆಸರು. ಪಕ್ಕದ ಕ್ಯೂನ್‌ಜೆಲ್ಸೌದಲ್ಲಿ ಸುಮಾರು 15,000 ಜನ ಇದ್ದಾರೆ. ಅಷ್ಟೇ ಊರಿನಲ್ಲಿ ಜೀಲ್-ಆಬೆಗ್ ಇದೆ, ಅವರದೂ ಫ್ಯಾನು ಮತ್ತು ಲಿಫ್ಟ್ ಮೋಟಾರ್. ಸ್ಕ್ರೂ, ಬೋಲ್ಟು ಮಾರುವ ವುರ್ಟ್ ಕಂಪನಿಯ ಮುಖ್ಯ ಕಚೇರಿಯೂ ಅಲ್ಲೇ. ಇಂಗೆಲ್‌ಫಿಂಗೆನ್‌ನಲ್ಲಿ ಬ್ಯೂರ್ಕೆರ್ಟ್, ವಾಲ್ವ್ ಮಾಡುತ್ತಾರೆ. ನಿಮ್ಮ ಅನುಭವ ಓದಿದರೆ ಈ ಊರುಗಳಿಗೇ ಬರೆದ ಹಾಗಿದೆ.

ಇನ್ನೊಂದು ಕಡೆ ಹೇಳುತ್ತೇನೆ. ಪೂರ್ವ ವೆಸ್ಟ್‌ಫಾಲಿಯಾ, ಬೀಲೆಫೆಲ್ಡ್ ಸುತ್ತಮುತ್ತ. ಬ್ಲೋಮ್‌ಬೆರ್ಗ್‌ನಲ್ಲಿ ಫೀನಿಕ್ಸ್ ಕಾಂಟ್ಯಾಕ್ಟ್, ಡೆಟ್ಮೋಲ್ಡ್‌ನಲ್ಲಿ ವೈಡ್‌ಮ್ಯೂಲರ್, ಮಿಂಡೆನ್‌ನಲ್ಲಿ ವಾಗೋ, ಫೆರ್ಲ್‌ನಲ್ಲಿ ಬೆಕ್‌ಹಾಫ್, ಗ್ಯೂಟರ್ಸ್‌ಲೋದಲ್ಲಿ ಮೀಲೆ. ನೀವು ಯಾವ ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆಗೆದರೂ ಈ ಹೆಸರುಗಳಲ್ಲಿ ಒಂದಾದರೂ ಕಾಣಿಸುತ್ತದೆ. ಎಲ್ಲವೂ ಒಂದೇ ಪ್ರದೇಶದಲ್ಲಿ. ಬರ್ಲಿನ್‌ನಲ್ಲಿ ಕೂತು ‘ಬರ್ಲಿನ್, ಎಂಬೆಡೆಡ್’ ಅಂತ ಹುಡುಕಿದರೆ ಇವು ಯಾವುದೂ ಬರುವುದಿಲ್ಲ.

ಇದು ಹೀಗಾಗಿದ್ದು ಯಾಕೆ ಅಂತ ಒಂದು ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್ ಹೋಳಾಯಿತು, ಸುತ್ತ ಸೋವಿಯತ್ ವಲಯ. ಅಲ್ಲಿದ್ದ ದೊಡ್ಡ ಕಂಪನಿಗಳು ಪಶ್ಚಿಮಕ್ಕೆ, ದಕ್ಷಿಣಕ್ಕೆ ಹೊರಟವು. ಸೀಮೆನ್ಸ್‌ನ ಕೇಂದ್ರ ಬರ್ಲಿನ್‌ನಿಂದ ಮ್ಯೂನಿಕ್, ಎರ್ಲಾಂಗೆನ್ ಕಡೆ ಹೋಯಿತು. ಲೆನ್ಸ್ ಮಾಡುವ ಜೈಸ್ ಕಂಪನಿಯ ತಜ್ಞರನ್ನು 1945ರಲ್ಲಿ ಅಮೆರಿಕದ ಸೇನೆ ಪೂರ್ವದ ಯೇನಾದಿಂದ ಪಶ್ಚಿಮಕ್ಕೆ ಸಾಗಿಸಿತು, ಅದರಿಂದ ಓಬರ್‌ಕೋಹೆನ್‌ನಲ್ಲಿ ಇನ್ನೊಂದು ಜೈಸ್ ಹುಟ್ಟಿತು. ಔಡಿ ಸ್ಯಾಕ್ಸನಿಯಿಂದ ಇಂಗೋಲ್‌ಸ್ಟಾಟ್‌ಗೆ ಬಂದಿದ್ದೂ ಇದೇ ಕಾಲದಲ್ಲಿ. ಬೇರೆ ದೇಶಗಳಲ್ಲಿ ರಾಜಧಾನಿಗೆ ಹೋದರೆ ಕೆಲಸ ಅನ್ನುವುದು ಬಹಳ ಸಲ ನಿಜ. ಇಲ್ಲಿ ಅದು ಅರ್ಧ ಸತ್ಯ ಮಾತ್ರ.

ಬರ್ಲಿನ್‌ವಾಸಿ:
ಬರ್ಲಿನ್‌ನ ಮೇಲೆ ಇಷ್ಟು ಕೋಪ ಬೇಡ ಸಾರ್. ಇಂಗ್ಲಿಷ್‌ನಲ್ಲೇ ಇಂಟರ್‌ವ್ಯೂ, ಇಂಗ್ಲಿಷ್‌ನಲ್ಲೇ ಕೆಲಸ ಬೇಕು ಅಂದರೆ ಇವತ್ತಿಗೂ ಮೊದಲ ಊರು ಇದೇ. ಸಾಫ್ಟ್‌ವೇರ್, ಪ್ರಾಡಕ್ಟ್, ಡೇಟಾ, ಇವಕ್ಕೆ ಬರ್ಲಿನ್ ಬಿಟ್ಟು ಹಳ್ಳಿಗೆ ಹೋಗುವುದು ಅರ್ಥ ಇಲ್ಲದ ಮಾತು. ಕಾರ್ಖಾನೆಯೇ ಇಲ್ಲ ಅನ್ನುವುದೂ ತಪ್ಪು. ಬಿಎಂಡಬ್ಲ್ಯೂ ಬೈಕ್ ತಯಾರಾಗುವುದು ಇಲ್ಲಿನ ಸ್ಪಾಂಡೌದಲ್ಲಿ. ಟೆಸ್ಲಾ 2022ರಿಂದ ಪಕ್ಕದ ಗ್ರ್ಯೂನ್‌ಹೈಡೆಯಲ್ಲಿದೆ.

ಆದರೂ ಹೊಸಬರ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಎಂಬೆಡೆಡ್ ಅಂದರೆ ಬರ್ಲಿನ್‌ನಲ್ಲಿ ಅವಕಾಶ ಕಡಿಮೆ, ಅರ್ಜಿ ಹಾಕುವವರು ಜಾಸ್ತಿ. ಕೊಲೋನ್‌ನ ಐಡಬ್ಲ್ಯೂ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆಯವರು 2016ರಲ್ಲಿ ಒಂದು ಲೆಕ್ಕ ಹಾಕಿದ್ದರು. ಬರ್ಲಿನ್ ಇಲ್ಲದಿದ್ದರೆ ಜರ್ಮನಿಯ ತಲಾ ಆದಾಯ 0.2 ಶೇಕಡಾ ಜಾಸ್ತಿ ಆಗುತ್ತಿತ್ತಂತೆ. ರಾಜಧಾನಿಯೇ ದೇಶಕ್ಕೆ ಭಾರ! ಆಮೇಲೆ ಊರು ಚೇತರಿಸಿಕೊಂಡಿದೆ ಬಿಡಿ.

ಅನುಮಾನ:
ನಟ್ಟುಬೋಲ್ಟು ಅವರು ಚಿನ್ನದ ಗಣಿ ತೋರಿಸಿದ ಹಾಗೆ ಬರೆದಿದ್ದಾರೆ. ಇನ್ನೊಂದು ಮುಖವನ್ನೂ ಯಾರಾದರೂ ಹೇಳಬೇಕಲ್ವಾ. ಸಣ್ಣ ಊರಿನಲ್ಲಿ ಒಂದೇ ದೊಡ್ಡ ಕಂಪನಿ. ಅದು ಕೆಮ್ಮಿದರೆ ಇಡೀ ಊರಿಗೆ ಜ್ವರ. ಕಾರಿನ ಬಿಡಿಭಾಗ ಮಾಡುವ ಫ್ರೀಡ್ರಿಶ್‌ಹಾಫೆನ್‌ನ ಜೆಡ್‌ಎಫ್ 2028ರ ಹೊತ್ತಿಗೆ ಜರ್ಮನಿಯಲ್ಲಿ 14,000 ಕೆಲಸದವರೆಗೆ ಕಡಿಮೆ ಮಾಡುವುದಾಗಿ 2024ರಲ್ಲಿ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫೋಕ್ಸ್‌ವಾಗನ್ ಯೂನಿಯನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ 2030ರ ಒಳಗೆ 35,000ಕ್ಕೂ ಜಾಸ್ತಿ ಹುದ್ದೆ ಹೋಗುತ್ತವೆ. ವೋಲ್ಫ್ಸ್‌ಬುರ್ಗ್‌ನಲ್ಲಿ ಫೋಕ್ಸ್‌ವಾಗನ್ ಬಿಟ್ಟರೆ ಇನ್ನೇನಿದೆ ಹೇಳಿ? ವೀಸಾ ಮೇಲೆ ಇರುವವರಿಗೆ ಕೆಲಸ ಹೋದರೆ ಹೊಸದು ಹುಡುಕಲು ಸಿಗುವುದು ಕೆಲವೇ ತಿಂಗಳು. ಮನೆ, ಮಗುವಿನ ಶಾಲೆ ಎಲ್ಲ ಕಿತ್ತುಕೊಂಡು ಹೊರಡಬೇಕು. ಬರ್ಲಿನ್‌ನಲ್ಲಿ ಆದರೆ ಕಂಪನಿ ಬದಲಾಯಿಸಿದರೂ ಮನೆ ಅದೇ.

ನಟ್ಟುಬೋಲ್ಟು:
ಈ ಮಾತು ಸರಿ ಇದೆ, ತಳ್ಳಿಹಾಕುವುದಿಲ್ಲ. ಅದಕ್ಕೇ ನಾನು ಒಂಟಿ ಕಂಪನಿಯ ಊರನ್ನು ಹೇಳಲಿಲ್ಲ, ಒಂದೇ ಕಸುಬಿನ ಹಲವು ಕಂಪನಿ ಇರುವ ಪ್ರದೇಶ ಹೇಳಿದೆ. ನೀವು ಊರು ಆರಿಸಬೇಡಿ, ಅರ್ಧ ಗಂಟೆ ಗಾಡಿ ಓಡಿಸಿದರೆ ಸಿಗುವ ವ್ಯಾಪ್ತಿ ಆರಿಸಿ. ಆ ವ್ಯಾಪ್ತಿಯಲ್ಲಿ ನಿಮ್ಮ ಕೆಲಸಕ್ಕೆ ನಾಲ್ಕು ಬಾಗಿಲಾದರೂ ಇರಬೇಕು. ಹೋಹೆನ್‌ಲೋಹೆಯಲ್ಲಿ ಇದೆ, ಬೀಲೆಫೆಲ್ಡ್ ಸುತ್ತ ಇದೆ, ಆಪರೇಷನ್ ಸಲಕರಣೆ ಮಾಡುವ ಟುಟ್‌ಲಿಂಗೆನ್‌ನಲ್ಲಿ ಇದೆ. ವೋಲ್ಫ್ಸ್‌ಬುರ್ಗ್‌ನಲ್ಲಿ ಇಲ್ಲ. ಹೊಸದಾಗಿ ಬರುವವರು ಕಾರಿನ ಬಿಡಿಭಾಗ ಮಾತ್ರ ಮಾಡುವ ಊರಿಗೆ ಈಗ ಹೋಗುವುದು ನನಗೂ ಸರಿ ಅನ್ನಿಸುವುದಿಲ್ಲ.

ಹುಡುಕುವ ದಾರಿ ಕೇಳಿದ್ದರು. ಬುಂಡೆಸ್‌ಆಗೆಂಟುರ್ ಫ್ಯೂರ್ ಆರ್ಬೈಟ್ ಅನ್ನುವ ಸರ್ಕಾರಿ ಉದ್ಯೋಗ ಸಂಸ್ಥೆಯ ಜಾಬ್‌ಸೂಕೆ ಪೋರ್ಟಲ್‌ಗೆ ಹೋಗಿ ಒಂದು ಸಣ್ಣ ಊರಿನ ಹೆಸರು ಹಾಕಿ ಅದರ ಸುತ್ತ 50 ಕಿಲೋಮೀಟರ್ ವ್ಯಾಪ್ತಿ ಕೊಡಿ. ಕೆಲಸದ ಹೆಸರನ್ನು ಜರ್ಮನ್‌ನಲ್ಲೇ ಹಾಕಿ. ‘ಟೆಸ್ಟ್ ಎಂಜಿನಿಯರ್’ ಅಂದರೆ ಹತ್ತು ಬಂದರೆ ‘ಪ್ರ್ಯೂಫ್‌ಇಂಜೆನಿಯೂರ್’, ‘ಎಂಟ್‌ವಿಕ್ಲುಂಗ್ಸ್‌ಇಂಜೆನಿಯೂರ್’ ಅಂದರೆ ಬೇರೆಯದೇ ಪಟ್ಟಿ ಬರುತ್ತದೆ. ಆಮೇಲೆ ಆ ಕಂಪನಿಯ ಸ್ವಂತ ಕರಿಯರ್ ಪೇಜ್‌ಗೆ ಹೋಗಿ ಅಲ್ಲೇ ಅರ್ಜಿ ಹಾಕಿ. ಲಿಂಕ್ಡ್‌ಇನ್‌ನಲ್ಲಿ ಒಂದು ಗುಂಡಿ ಒತ್ತಿ ಹಾಕುವ ಅರ್ಜಿಗೆ ಈ ಊರುಗಳಲ್ಲಿ ಬೆಲೆ ಕಡಿಮೆ. ಕೆಲವು ಕಂಪನಿ ಅಲ್ಲಿ ಜಾಹೀರಾತೇ ಹಾಕುವುದಿಲ್ಲ. ವ್ಯಾಪಾರ ಮೇಳಗಳಿಗೆ ಬರುವ ಕಂಪನಿಗಳ ಪಟ್ಟಿಯನ್ನೂ ನೋಡಿ. ಹ್ಯಾನೋವರ್ ಮೇಳದ್ದು, ನ್ಯೂರೆಂಬರ್ಗ್‌ನ ಎಂಬೆಡೆಡ್ ವರ್ಲ್ಡ್ ಮೇಳದ್ದು ಆನ್‌ಲೈನ್‌ನಲ್ಲೇ ಇರುತ್ತದೆ, ಊರಿನ ಹೆಸರಿನ ಸಮೇತ. ನಿಮಗೆ ಇದಕ್ಕಿಂತ ಒಳ್ಳೆಯ ವಿಳಾಸಪಟ್ಟಿ ಸಿಗುವುದಿಲ್ಲ.

ಚಿಪ್ಪು:
ಪೂರ್ವದ ಕಡೆ ಯಾರೂ ಹೇಳಲಿಲ್ಲ. ಡ್ರೆಸ್ಡೆನ್! ಇನ್ಫಿನಿಯಾನ್, ಗ್ಲೋಬಲ್‌ಫೌಂಡ್ರೀಸ್, ಬಾಷ್ ಮೂರೂ ಇಲ್ಲಿ ಚಿಪ್ ಮಾಡುತ್ತವೆ. ತೈವಾನ್‌ನ ಟಿಎಸ್‌ಎಂಸಿ ಇವರಲ್ಲಿ ಇಬ್ಬರ ಜೊತೆ ಎನ್‌ಎಕ್ಸ್‌ಪಿಯನ್ನೂ ಸೇರಿಸಿಕೊಂಡು ಹೊಸ ಕಾರ್ಖಾನೆ ಕಟ್ಟುತ್ತಿದೆ, 2024ರ ಆಗಸ್ಟ್‌ನಲ್ಲಿ ಅಡಿಗಲ್ಲು ಹಾಕಿದರು. ಚಿಪ್ ಕೆಲಸದಲ್ಲಿ ಟೀಮೇ ನಾನಾ ದೇಶದ್ದಾದರೆ ಇಂಗ್ಲಿಷ್ ಕೂಡ ನಡೆಯುತ್ತದೆ. ಬಾಡಿಗೆ ಮ್ಯೂನಿಕ್ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಘೋಷಣೆ ನಂಬಿ ಊರು ಬದಲಿಸಬೇಡಿ. ಮಾಗ್ಡೆಬುರ್ಗ್‌ಗೆ ಇಂಟೆಲ್ ಬರುತ್ತದೆ ಅಂತ 2022ರಲ್ಲಿ ಹೇಳಿದರು, 2024ರಲ್ಲಿ ಮುಂದೂಡಿದರು, 2025ರ ಜುಲೈನಲ್ಲಿ ಕೈಬಿಟ್ಟರು. ಕಟ್ಟಡ ಎದ್ದು ಹುದ್ದೆ ಕರೆದ ಮೇಲೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸುಮ್ನೆ ಓದುವವ:
ಪೂರ್ವದಲ್ಲಿ ನಮ್ಮಂಥವರಿಗೆ ಇರುವುದು ಕಷ್ಟ ಅಂತ ಕೇಳಿದ್ದೇನೆ. 2024ರ ರಾಜ್ಯ ಚುನಾವಣೆಯಲ್ಲಿ ಪೂರ್ವದ ಟ್ಯುರಿಂಗಿಯಾದಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷಕ್ಕೆ 32.8 ಶೇಕಡಾ ಮತ ಬಂತು, ಮೊದಲ ಸ್ಥಾನ. ಚಿಪ್ಪು ಅವರೇ, ನಿಜ ಹೇಳಿ.

ಚಿಪ್ಪು:
ನಿಜ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಒಂದು ದಿನವೂ ತೊಂದರೆ ಆಗಿಲ್ಲ. ಟ್ರಾಮ್‌ನಲ್ಲಿ ಒಮ್ಮೊಮ್ಮೆ ಗುರಾಯಿಸುವ ನೋಟ, ಯಾವಾಗಲೋ ಒಂದು ಕೆಟ್ಟ ಮಾತು, ಅದು ಇದೆ. ಡ್ರೆಸ್ಡೆನ್, ಲೈಪ್‌ಜಿಗ್, ಯೇನಾ ಇವು ಯೂನಿವರ್ಸಿಟಿ ಊರುಗಳು, ಹೊರಗಿನವರು ಇದ್ದೇ ಇರುತ್ತಾರೆ. ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಪುಟ್ಟ ಊರಿನಲ್ಲಿ ಕುಟುಂಬ ಸಮೇತ ಮನೆ ಮಾಡುತ್ತೀರಾ ಅಂದರೆ ನಾನು ಮೊದಲು ಎರಡು ವಾರಾಂತ್ಯ ಅಲ್ಲಿ ಕಳೆದು ನೋಡುತ್ತೇನೆ. ಅಂಗಡಿಗೆ ಹೋಗಿ, ಸಂಜೆ ನಡೆದಾಡಿ, ಆಮೇಲೆ ಸಹಿ ಹಾಕುತ್ತೇನೆ. ಹಾಗೆ ನೋಡಿದರೆ ಪಶ್ಚಿಮದ ಹಳ್ಳಿಗೂ ಇದೇ ಮಾತು.

ಕಾಯಿದೆ ಅಕ್ಕ:
ವೀಸಾ ವಿಷಯ ಬರುತ್ತದೆ ಅಂತ ಕಾಯುತ್ತಿದ್ದೆ, ಯಾರೂ ಮುಟ್ಟಲಿಲ್ಲ.

ಬ್ಲೂ ಕಾರ್ಡ್ ಅಂದರೆ ಡಿಗ್ರಿ ಇರುವವರಿಗೆ ಕೊಡುವ ಕೆಲಸದ ಪರವಾನಗಿ, ಅದರ ಕನಿಷ್ಠ ಸಂಬಳದ ಮಿತಿ ಇಡೀ ದೇಶಕ್ಕೆ ಒಂದೇ. 2025ರಲ್ಲಿ ವರ್ಷಕ್ಕೆ 48,300 ಯೂರೋ, ಜನ ಕೊರತೆ ಇರುವ ವೃತ್ತಿಗಳಿಗೆ 43,759.80 ಯೂರೋ. 2026ಕ್ಕೆ ಅದು 50,700 ಮತ್ತು 45,934.20 ಆಯಿತು. ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಎಂಜಿನಿಯರ್‌ಗಳು ಕಡಿಮೆ ಮಿತಿಯ ಪಟ್ಟಿಯಲ್ಲಿದ್ದಾರೆ. ಮ್ಯೂನಿಕ್‌ನಲ್ಲಿ ಈ ಮಿತಿ ದಾಟುವುದು ಏನೂ ಕಷ್ಟ ಅಲ್ಲ. ಸ್ಯಾಕ್ಸನಿಯ ಅಥವಾ ಟ್ಯುರಿಂಗಿಯಾದ ಸಣ್ಣ ಕಂಪನಿಯಲ್ಲಿ ಕಷ್ಟ ಆಗಬಹುದು, ಅಲ್ಲಿ ಸಂಬಳವೇ ಕಡಿಮೆ. ಆಗ ಏನು? ಸೆಕ್ಷನ್ 18ಬಿ ಅಂತ ಇನ್ನೊಂದು ಪರವಾನಗಿ ಇದೆ, ಡಿಗ್ರಿ ಇರುವ ನುರಿತ ಕೆಲಸಗಾರರಿಗೆ. 45 ವರ್ಷದ ಒಳಗಿನವರಿಗೆ ಅದರಲ್ಲಿ ಇಂಥ ಮಿತಿ ಇಲ್ಲ, ಆ ಊರಿನಲ್ಲಿ ಅದೇ ಕೆಲಸಕ್ಕೆ ಜರ್ಮನ್ನರಿಗೆ ಸಿಗುವಷ್ಟು ಸಂಬಳ ನಿಮಗೂ ಕೊಡಬೇಕು, ಅಷ್ಟೇ. ವ್ಯತ್ಯಾಸ ಆಮೇಲೆ ಗೊತ್ತಾಗುತ್ತದೆ: ಬ್ಲೂ ಕಾರ್ಡ್‌ನಲ್ಲಿ ಬಿ1 ಇದ್ದರೆ 21 ತಿಂಗಳಿಗೆ, ಎ1 ಇದ್ದರೆ 27 ತಿಂಗಳಿಗೆ ಕಾಯಂ ಪರವಾನಗಿ ಕೇಳಬಹುದು. 18ಬಿಯಲ್ಲಿ ಮೂರು ವರ್ಷ. ಹಾಗಾಗಿ ಸಂಬಳ ಮಿತಿಗಿಂತ ಸ್ವಲ್ಪವೇ ಕಡಿಮೆ ಇದ್ದರೆ ಬಾಯಿ ಬಿಟ್ಟು ಕೇಳಿ. ವಾರದ ಗಂಟೆಯನ್ನೋ ಬೋನಸ್ಸನ್ನೋ ಹೊಂದಿಸಿ ಖಾತ್ರಿಯಾದ ವಾರ್ಷಿಕ ಸಂಬಳವನ್ನು ಮಿತಿ ದಾಟಿಸಿದ ಕಂಪನಿಗಳು ಇವೆ. ಗ್ಯಾರಂಟಿ ಇಲ್ಲದ ಬೋನಸ್ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಹೊಸಬರೇ, ನಿಮ್ಮ ಚಾನ್ಸೆನ್‌ಕಾರ್ಟೆ ಬರ್ಲಿನ್‌ಗೆ ಕಟ್ಟಿದ್ದಲ್ಲ, ಇಡೀ ಜರ್ಮನಿಗೆ. ಬೇರೆ ಊರಿನಲ್ಲಿ ಎರಡು ವಾರದವರೆಗೆ ಪ್ರೋಬೆಆರ್ಬೈಟ್ (ಟ್ರಯಲ್ ಕೆಲಸ) ಮಾಡಲೂ ಅವಕಾಶ ಇದೆ. ಸಣ್ಣ ಕಂಪನಿಗಳಿಗೆ ಇದು ತುಂಬಾ ಇಷ್ಟ. ನಿಮ್ಮ ಕಾಗದಕ್ಕಿಂತ ಕೈಕೆಲಸ ನೋಡಿದರೆ ಅವರಿಗೆ ನಂಬಿಕೆ ಬರುತ್ತದೆ. ಅರ್ಜಿಯಲ್ಲೇ ಬರೆಯಿರಿ, ಟ್ರಯಲ್‌ಗೆ ಬರಲು ತಯಾರಿದ್ದೇನೆ ಅಂತ.

ಕೆಲಸ ಸಿಕ್ಕಿದ ಮೇಲೆ ಹೊಸ ಊರಿಗೆ ಹೋಗಿ ಎರಡು ವಾರದ ಒಳಗೆ ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಮಾಡಿಸಿ, ಪರವಾನಗಿ ಬದಲಾವಣೆಯ ಅರ್ಜಿಯನ್ನು ಅಲ್ಲಿನ ವಿದೇಶಿಯರ ಕಚೇರಿಗೇ ಕೊಡಿ. ಸಣ್ಣ ಊರಾದರೆ ಅದು ಜಿಲ್ಲಾ ಕೇಂದ್ರದ ಲಾಂಡ್‌ರಾಟ್ಸ್‌ಆಂಟ್‌ನಲ್ಲಿ (ಜಿಲ್ಲಾ ಆಡಳಿತ ಕಚೇರಿ) ಇರುತ್ತದೆ. ಹೊಸ ಪರವಾನಗಿ ಕೈಗೆ ಬರುವ ತನಕ ಫುಲ್‌ಟೈಮ್ ಕೆಲಸ ಶುರು ಮಾಡುವಂತಿಲ್ಲ, ಅದನ್ನು ಕಂಪನಿಗೆ ಮೊದಲೇ ಹೇಳಿ.

ಇನ್ನೊಂದು. ಹಳ್ಳಿಯ ಕಂಪನಿಯ ಎಚ್‌ಆರ್ ಹೊರದೇಶದವರನ್ನು ತೆಗೆದುಕೊಂಡಿರುವುದಿಲ್ಲ, ಭಯ ಇರುತ್ತದೆ. ‘ಎರ್ಕ್ಲೇರುಂಗ್ ಜುಮ್ ಬೆಶೆಫ್ಟಿಗುಂಗ್ಸ್‌ಫೆರ್ಹೆಲ್ಟ್‌ನಿಸ್’ ಅನ್ನುವ ಒಂದು ಫಾರ್ಮ್ ಇದೆ (ಹೆಸರು ಓದುವಷ್ಟರಲ್ಲಿ ಸುಸ್ತು, ತುಂಬುವುದು ಅಷ್ಟೇನೂ ಕಷ್ಟ ಅಲ್ಲ). ನಿಮ್ಮ ಕೆಲಸದ ವಿವರ ಬರೆದು ಕಂಪನಿ ತುಂಬಬೇಕಾದ ಮುಖ್ಯ ಕಾಗದ ಅದು. ಪ್ರಿಂಟ್ ಹಾಕಿಕೊಂಡು ನೀವೇ ಹೋಗಿ. ಜೊತೆಗೆ ಆನಾಬಿನ್ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ನಿಮ್ಮ ಕಾಲೇಜಿಗೆ ‘ಎಚ್+’ (ಮಾನ್ಯತೆ) ಇದೆ ಅನ್ನುವ ಪುಟ. ಈ ಎರಡು ಕಾಗದ ಮೇಜಿನ ಮೇಲಿಟ್ಟರೆ ಅರ್ಧ ಭಯ ಹೋಗುತ್ತದೆ.

ಹೊಸಬ:
ಅಕ್ಕ, ತುಂಬಾ ಥ್ಯಾಂಕ್ಸ್. ಪ್ರೋಬೆಆರ್ಬೈಟ್ ವಿಷಯ ಗೊತ್ತೇ ಇರಲಿಲ್ಲ. ಸಂಬಳದ ಬಗ್ಗೆ ಒಂದು ಅನುಮಾನ. ಹಳ್ಳಿ ಅಂದ ತಕ್ಷಣ ಕಡಿಮೆ ಕೊಡುತ್ತಾರಾ?

ನಟ್ಟುಬೋಲ್ಟು:
ಟಾರಿಫ್ ಒಪ್ಪಂದ (ಯೂನಿಯನ್ ಜೊತೆಗಿನ ಸಂಬಳದ ಒಪ್ಪಂದ) ಇರುವ ಕಂಪನಿಯಾದರೆ ಇಲ್ಲ. ಮೆಟಲ್ ಮತ್ತು ಎಲೆಕ್ಟ್ರಿಕಲ್ ಉದ್ಯಮದಲ್ಲಿ ಐಜಿ ಮೆಟಾಲ್ ಯೂನಿಯನ್ ಜೊತೆ ಒಪ್ಪಂದ ಇರುತ್ತದೆ, ಅದು ಪ್ರದೇಶಕ್ಕೆ ಒಂದು. ಬಾಡೆನ್-ವುರ್ಟೆಂಬರ್ಗ್‌ನ ಒಪ್ಪಂದದಲ್ಲಿ ಒಂದೇ ದರ್ಜೆಯ ಕೆಲಸಕ್ಕೆ ಸ್ಟುಟ್‌ಗಾರ್ಟ್‌ನಲ್ಲೂ ಅದೇ ಮೂಲ ಸಂಬಳ, ಹೋಹೆನ್‌ಲೋಹೆಯ ಹಳ್ಳಿಯಲ್ಲೂ ಅದೇ. ಬಾಡಿಗೆ ಮಾತ್ರ ಬಹಳ ಕಡಿಮೆ. ಪಶ್ಚಿಮದಲ್ಲಿ ವಾರಕ್ಕೆ 35 ಗಂಟೆ ಕೆಲಸ. ಹಾಗಾಗಿ ಜಾಹೀರಾತಿನಲ್ಲಿ ಮೊದಲು ನೋಡಬೇಕಾದ್ದು ಕಂಪನಿ ಟಾರಿಫ್‌ಗೆ ಸೇರಿದೆಯಾ ಅಂತ. ಸೇರದ ಸಣ್ಣ ಕಂಪನಿಗಳೂ ಬಹಳ ಇವೆ. ಅಲ್ಲಿ ಸಂಬಳ ಮಾಲೀಕರ ಮನಸ್ಸು, ನಿಮ್ಮ ಚೌಕಾಶಿ.

ಭಾಷೆಯ ಬಗ್ಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ, ನೀವೇ ಕೇಳಿದ್ದೀರಿ. ಎ2 ಸಾಲುವುದಿಲ್ಲ. ಕೋಡ್ ಬರೆಯುವುದಕ್ಕೆ ಭಾಷೆ ಬೇಡ ನಿಜ, ಆದರೆ ಟೆಸ್ಟ್ ಬೆಂಚ್ ಪಕ್ಕ ನಿಂತಿರುವ ಮೂವತ್ತು ವರ್ಷ ಸರ್ವಿಸ್ ಆದ ಟೆಕ್ನಿಷಿಯನ್‌ಗೆ ಇಂಗ್ಲಿಷ್ ಬರುವುದಿಲ್ಲ, ಅವನ ಜೊತೆ ಮಾತಾಡದೆ ನಿಮ್ಮ ಕೆಲಸ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಬಿ1 ಮುಗಿಸಿ, ಬಿ2 ಶುರು ಮಾಡಿದ್ದೇನೆ ಅಂತ ಬರೆಯುವ ಸ್ಥಿತಿಗೆ ಬನ್ನಿ. ಬರ್ಲಿನ್‌ನಲ್ಲಿ ಇಂಗ್ಲಿಷ್ ಮಾತಾಡುವ ಗೆಳೆಯರ ಮಧ್ಯೆ ಇದ್ದು ಅದು ಬೇಗ ಆಗುವುದಿಲ್ಲ, ಅದೂ ಒಂದು ಕಾರಣ ಹೊರಗೆ ಹೋಗಲು. ಕ್ಲಾಸಿನಲ್ಲಿ ಕಲಿತ ಜರ್ಮನ್ ಇಟ್ಟುಕೊಂಡು ಇಲ್ಲಿಗೆ ಬಂದರೆ ಇವರು ತಮ್ಮ ಊರಿನ ಆಡುಭಾಷೆ ಮಾತಾಡುತ್ತಾರೆ, ಮೊದಲ ತಿಂಗಳು ಏನೂ ತಲೆಗೆ ಹೋಗುವುದಿಲ್ಲ. ಹೆದರಬೇಡಿ. ಉತ್ತರ ಜರ್ಮನಿಯಿಂದ ಬಂದ ಜರ್ಮನ್ನರಿಗೂ ಹೋಗುವುದಿಲ್ಲ.

ಎರಡನೇ ಗೇರ್:
ಲೈಸೆನ್ಸ್! ಇಷ್ಟು ಹೊತ್ತಾದರೂ ಲೈಸೆನ್ಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಹಳ್ಳಿಯಲ್ಲಿ ಬಸ್ಸು ಗಂಟೆಗೆ ಒಂದು, ಭಾನುವಾರ ಅದೂ ಇಲ್ಲ. ಕಾರ್ಖಾನೆ ಇರುವುದು ಊರ ಹೊರಗಿನ ಇಂಡಸ್ಟ್ರಿ ಜಾಗದಲ್ಲಿ. ಡಾಯ್ಚ್‌ಲಾಂಡ್‌ಟಿಕೆಟ್ (ದೇಶದ ಲೋಕಲ್ ರೈಲು, ಬಸ್ಸಿಗೆಲ್ಲ ನಡೆಯುವ ತಿಂಗಳ ಪಾಸ್) ಇದೆ ಅಂತ ಖುಷಿ ಪಡಬೇಡಿ. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58, 2026ರಲ್ಲಿ 63. ಟಿಕೆಟ್ ಇದ್ದರೂ ಬಸ್ಸೇ ಇಲ್ಲದಿದ್ದರೆ ಏನು ಮಾಡುತ್ತೀರಿ?

ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆದೇ ಜರ್ಮನ್ ಲೈಸೆನ್ಸ್ ತೆಗೆದುಕೊಳ್ಳಬೇಕು. ಭಾರತದ ಲೈಸೆನ್ಸ್ ಇದ್ದವರಿಗೆ ಡ್ರೈವಿಂಗ್ ಸ್ಕೂಲಿನ ಕಡ್ಡಾಯ ಪಾಠದ ಗಂಟೆಗಳು ಇಲ್ಲ, ಅದೊಂದು ಉಳಿತಾಯ. ಆದರೂ ಸ್ಕೂಲಿನ ಮೂಲಕವೇ ಪರೀಕ್ಷೆಗೆ ಹೋಗಬೇಕು, ಒಂದಷ್ಟು ಪಾಠ ತೆಗೆದುಕೊಳ್ಳದೆ ಪಾಸಾಗುವುದು ಅನುಮಾನ. ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಅನ್ನುವ ನಿಯಮ ಒಂದೇ ಸಾಕು ಫೇಲ್ ಆಗಲು. ಥಿಯರಿ ಇಂಗ್ಲಿಷ್‌ನಲ್ಲಿ ಬರೆಯಬಹುದು. ಕಣ್ಣಿನ ಪರೀಕ್ಷೆ, ಫಸ್ಟ್ ಏಡ್ ಕೋರ್ಸ್ ಈಗಲೇ ಮುಗಿಸಿಕೊಳ್ಳಿ. ಬರ್ಲಿನ್‌ನಲ್ಲಿ ಖಾಲಿ ಕೂತಿರುವ ಹೊತ್ತಿನಲ್ಲಿ ಮಾಡಬಹುದಾದ ಅತಿ ಉಪಯೋಗದ ಕೆಲಸ ಇದು. ಅರ್ಜಿಯಲ್ಲಿ ‘ಫ್ಯೂರರ್‌ಶೈನ್ ಬಿ’ (ಕಾರಿನ ಲೈಸೆನ್ಸ್) ಅಂತ ಒಂದು ಸಾಲು ಇದ್ದರೆ ಹಳ್ಳಿಯ ಎಚ್‌ಆರ್ ಕಣ್ಣಿಗೆ ಬೀಳುತ್ತದೆ, ತಮಾಷೆ ಅಲ್ಲ.

ಊರಾಚೆ:
ನಾನು ಹೆಂಡತಿಯ ಕಡೆಯಿಂದ ಬರೆಯುತ್ತೇನೆ, ಇಲ್ಲಿ ಎಲ್ಲರೂ ಕೆಲಸ ಸಿಕ್ಕಿದವರ ಮಾತೇ ಆಡುತ್ತಿದ್ದಾರೆ.

ನಾವು ಇರುವುದು ಟುಟ್‌ಲಿಂಗೆನ್‌ನಲ್ಲಿ. ಡ್ಯಾನ್ಯೂಬ್ ನದಿ ಇನ್ನೂ ಚಿಕ್ಕದಾಗಿರುವ ಜಾಗ. ಆಪರೇಷನ್ ಥಿಯೇಟರಿನ ಸಲಕರಣೆ ಮಾಡುವ ನೂರಾರು ಕಂಪನಿ ಇಲ್ಲಿವೆ, ಕಾರ್ಲ್ ಶ್ಟೋರ್ಟ್ಸ್, ಏಸ್ಕುಲಾಪ್ ದೊಡ್ಡವು. ನಮ್ಮ ಯಜಮಾನರಿಗೆ ಕೆಲಸ ಚೆನ್ನಾಗಿದೆ. ನನಗೆ? ಬ್ಲೂ ಕಾರ್ಡ್‌ನವರ ಸಂಗಾತಿಗೆ ಬರುವಾಗ ಜರ್ಮನ್ ಪರೀಕ್ಷೆ ಬೇಡ, ಬಂದ ಮೇಲೆ ಯಾವ ಕೆಲಸ ಬೇಕಾದರೂ ಮಾಡಬಹುದು. ಕಾಗದದ ಮೇಲೆ ಎಲ್ಲ ಸಲೀಸು. ಭಾಷೆ ಬರದಿದ್ದರೆ ಆ ಹಕ್ಕು ಇಟ್ಟುಕೊಂಡು ಏನು ಮಾಡುವುದು? ಬರ್ಲಿನ್‌ನಲ್ಲಿ ಇಂಗ್ಲಿಷ್ ಆಫೀಸು ಸಿಗಬಹುದು, ಇಲ್ಲಿ ಇಲ್ಲ. ಬೆಳಿಗ್ಗೆ ಅವರು ಕಾರು ತೆಗೆದುಕೊಂಡು ಹೋದರೆ ಸಂಜೆ ತನಕ ಒಬ್ಬಳೇ. ಮೊದಲ ಚಳಿಗಾಲ ತುಂಬಾ ಉದ್ದ ಅನ್ನಿಸಿತು.

ಹೊಸಬರೇ, ನಿಮ್ಮ ಹೆಂಡತಿ ಅಕೌಂಟ್ಸ್ ಅಂದಿರಿ. ಇಲ್ಲಿ ಲೆಕ್ಕ ಬರೆಯುವುದು ಜರ್ಮನ್ ವಾಣಿಜ್ಯ ಕಾನೂನಿನ ಪ್ರಕಾರ, ತೆರಿಗೆಯ ಕಾಗದ ಎಲ್ಲ ಜರ್ಮನ್‌ನಲ್ಲಿ. ಸಣ್ಣ ಕಂಪನಿ, ತೆರಿಗೆ ಸಲಹೆಗಾರರ ಕಚೇರಿ ಎಲ್ಲಿ ನೋಡಿದರೂ ಡಾಟೆವ್ ಅನ್ನುವ ಸಾಫ್ಟ್‌ವೇರ್. ಬಿ2 ಜೊತೆಗೆ ಡಾಟೆವ್ ಬರುತ್ತದೆ ಅಂದರೆ ಸಣ್ಣ ಊರಿನಲ್ಲೂ ಕೆಲಸ ಇದೆ, ಜನ ಸಿಗದೆ ಒದ್ದಾಡುತ್ತಿದ್ದಾರೆ. ಹಾಗಾಗಿ ಅವರು ಬರುವ ಮುಂಚೆಯೇ ಕಲಿಯಲು ಶುರು ಮಾಡಲಿ, ಬಂದ ಮೇಲೆ ನೋಡೋಣ ಅನ್ನಬೇಡಿ. ಇಲ್ಲಿ ಬಂದ ಮೇಲೆ ಫೋಕ್ಸ್‌ಹೋಖ್‌ಶೂಲೆ (ದೊಡ್ಡವರಿಗೆ ಕ್ಲಾಸ್ ನಡೆಸುವ ಊರಿನ ಕಲಿಕಾ ಕೇಂದ್ರ) ಇದೆ, ಪುಟ್ಟ ಊರಿನಲ್ಲೂ ಇರುತ್ತದೆ, ಆದರೆ ಬಿ2 ಕ್ಲಾಸ್ ನಡೆಸುವಷ್ಟು ಜನ ಸೇರದೆ ಕ್ಯಾನ್ಸಲ್ ಆಗುವುದು ಉಂಟು. ಆನ್‌ಲೈನ್ ಕ್ಲಾಸ್ ಹುಡುಕಿ ಇಟ್ಟುಕೊಳ್ಳಿ.

ನಾನು ಈಗ ಒಂದು ಕಂಪನಿಯಲ್ಲಿ ರಫ್ತು ಕಾಗದಪತ್ರ ನೋಡಿಕೊಳ್ಳುತ್ತೇನೆ. ಅದು ಸಿಕ್ಕಿದ್ದು ಜಾಹೀರಾತಿನಿಂದ ಅಲ್ಲ, ಮಗನ ಕಿಂಡರ್‌ಗಾರ್ಟನ್‌ನಲ್ಲಿ ಪರಿಚಯ ಆದ ಒಬ್ಬ ತಾಯಿಯಿಂದ. ಸಣ್ಣ ಊರಿನ ಒಳ್ಳೆಯ ಗುಣ ಅದು. ನಿಮ್ಮ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ. ಕೆಟ್ಟ ಗುಣವೂ ಅದೇ.

ಸುಮ್ನೆ ಓದುವವ:
ಮಧ್ಯದಲ್ಲಿ ನನ್ನದೊಂದು ಪ್ರಶ್ನೆ, ಬೈಕೋಬೇಡಿ. ತಂಗಿ ನರ್ಸ್. ಏಜೆಂಟ್ ಒಬ್ಬರು ಜರ್ಮನಿಯ ಸಣ್ಣ ಊರಿನ ಆಸ್ಪತ್ರೆ ಅಂತ ಹೇಳಿ ದುಡ್ಡು ಕೇಳುತ್ತಿದ್ದಾರೆ. ನಂಬಬಹುದಾ?

ರಾತ್ರಿಪಾಳಿ:
ನರ್ಸ್ ಹತ್ತಿರ ಕೆಲಸ ಕೊಡಿಸುವುದಕ್ಕೆ ದುಡ್ಡು ಕೇಳಿದರೆ ಅಲ್ಲೇ ಮಾತು ಮುಗಿಸಿ. ಇಲ್ಲಿ ಖರ್ಚು ಕೊಡಬೇಕಾದ್ದು ಆಸ್ಪತ್ರೆ. ‘ಫೇರೆ ಆನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್’ ಅನ್ನುವ ಸರ್ಕಾರಿ ಗುಣಮಟ್ಟದ ಮುದ್ರೆ ಇದೆ, ಆ ಮುದ್ರೆ ಇರುವವರು ನರ್ಸ್‌ಗಳಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ.

ನಾನು ಲೋವರ್ ಸ್ಯಾಕ್ಸನಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದೇನೆ. ಬಿ2 ಬೇಕು. ಸರ್ಟಿಫಿಕೇಟ್ ಪರಿಶೀಲಿಸಿ ಏನು ಕೊರತೆ ಅಂತ ಪತ್ರ ಕೊಡುತ್ತಾರೆ, ಸಾಮಾನ್ಯವಾಗಿ ಬರುವ ಮುಂಚೆಯೇ. ಆ ಕೊರತೆ ತುಂಬಲು ತರಬೇತಿ, ಇಲ್ಲವೇ ಒಂದು ಪರೀಕ್ಷೆ. ಅಲ್ಲಿಯ ತನಕ ಸಹಾಯಕಿಯ ಸಂಬಳ. ಈ ಪರಿಶೀಲನೆ ರಾಜ್ಯ ಸರ್ಕಾರದ ಕೈಯಲ್ಲಿದೆ, ರಾಜ್ಯಕ್ಕೊಂದು ವೇಗ. ಸರ್ಕಾರಿ ಒಪ್ಪಂದದ ಆಸ್ಪತ್ರೆಯಾದರೆ ಸಂಬಳದ ಪಟ್ಟಿ ದೊಡ್ಡ ಊರಿಗೂ ಸಣ್ಣ ಊರಿಗೂ ಒಂದೇ, ಜೊತೆಗೆ ಎಷ್ಟೋ ಸಣ್ಣ ಆಸ್ಪತ್ರೆಗಳು ಸ್ಟಾಫ್ ಕ್ವಾರ್ಟರ್ಸ್ ಕೊಡುತ್ತವೆ. ಕಾಂಟ್ರ್ಯಾಕ್ಟ್‌ನಲ್ಲಿ ಒಂದು ಸಾಲು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ: ಇಷ್ಟು ವರ್ಷದ ಒಳಗೆ ಬಿಟ್ಟರೆ ಭಾಷಾ ಕೋರ್ಸಿನ ದುಡ್ಡು ವಾಪಸ್ ಕೊಡಬೇಕು ಅನ್ನುವುದು. ಮೊತ್ತ ಎಷ್ಟು, ತಿಂಗಳು ಕಳೆದ ಹಾಗೆ ಇಳಿಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ.

ಅನುಮಾನ:
ಸರಿ, ನಾನೂ ಸ್ವಲ್ಪ ಮೆತ್ತಗಾಗುತ್ತೇನೆ. ಆದರೆ ಹೊಸಬರೇ, ಬರ್ಲಿನ್ ರೂಮ್ ಖಾಲಿ ಮಾಡಿ ಗಂಟುಮೂಟೆ ಕಟ್ಟಿಕೊಂಡು ಈಗಲೇ ಹೋಗಬೇಡಿ. ಅಲ್ಲಿಂದಲೇ ಅರ್ಜಿ ಹಾಕಿ, ಕರೆದಾಗ ಹೋಗಿ ಬನ್ನಿ. ಕೆಲಸಕ್ಕೆ ಸೇರಿದರೂ ಸಾಮಾನ್ಯವಾಗಿ ಆರು ತಿಂಗಳು ಪ್ರೋಬೆಟ್ಸೈಟ್ (ಪ್ರೊಬೇಷನ್) ಇರುತ್ತದೆ, ಆ ಸಮಯದಲ್ಲಿ ಎರಡು ವಾರದ ನೋಟಿಸ್ ಕೊಟ್ಟು ತೆಗೆಯಬಹುದು. ಅದು ಮುಗಿಯುವ ತನಕ ಫರ್ನಿಚರ್ ಇರುವ ಬಾಡಿಗೆ ರೂಮಿನಲ್ಲಿ ಇರಿ. ದೊಡ್ಡ ಮನೆ, ಅಡುಗೆಮನೆ ಕೂರಿಸುವುದು ಎಲ್ಲ ಆಮೇಲೆ. ಜರ್ಮನಿಯಲ್ಲಿ ಬಾಡಿಗೆ ಮನೆಗೆ ಎಷ್ಟೋ ಸಲ ಅಡುಗೆಮನೆಯನ್ನೂ ನಾವೇ ಹಾಕಿಸಿಕೊಳ್ಳಬೇಕು ಅಂತ ಗೊತ್ತಲ್ವಾ?

ಹೊಸಬ:
ಅಡುಗೆಮನೆ ವಿಷಯ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಬರೆದವರಿಗೆಲ್ಲ ಥ್ಯಾಂಕ್ಸ್. ಹೋಹೆನ್‌ಲೋಹೆ, ಬೀಲೆಫೆಲ್ಡ್ ಸುತ್ತ, ಡ್ರೆಸ್ಡೆನ್ ಮೂರು ಕಡೆ ಆರಿಸಿಕೊಂಡಿದ್ದೇನೆ. ಜರ್ಮನ್ ಹೆಸರಿನಲ್ಲಿ ಹುಡುಕಿದ ತಕ್ಷಣ ಪಟ್ಟಿಯೇ ಬೇರೆ ಬಂತು, ನನ್ನ ಕೆಲಸಕ್ಕೆ ನೇರವಾಗಿ ಹೊಂದುವವು ಸಿಕ್ಕಿವೆ. ಫಸ್ಟ್ ಏಡ್ ಕೋರ್ಸಿಗೆ ಶನಿವಾರ ಹೆಸರು ಕೊಟ್ಟಿದ್ದೇನೆ. ಊರಾಚೆ ಅವರ ಮಾತನ್ನು ಹೆಂಡತಿಗೆ ಹಾಗೇ ಕಳಿಸಿದೆ, ಡಾಟೆವ್ ಅಂದರೆ ಏನು ಅಂತ ಆಗಲೇ ಕೇಳುತ್ತಿದ್ದಾಳೆ.

ಎರಡು ಸಣ್ಣ ಪ್ರಶ್ನೆ. ಅರ್ಜಿಯಲ್ಲಿ ಸಂಬಳ ಎಷ್ಟು ಬೇಕು ಅಂತ ಕೇಳುತ್ತಾರೆ, ಅದನ್ನು ಖಾಲಿ ಬಿಡಬಹುದಾ? ಕ್ಯೂನ್‌ಜೆಲ್ಸೌ ಕಡೆ ಇಂಟರ್‌ವ್ಯೂಗೆ ಕರೆದರೆ ಬರ್ಲಿನ್‌ನಿಂದ ಹೋಗಿ ಬರುವ ಖರ್ಚೇ ದೊಡ್ಡದಾಗುತ್ತದಲ್ಲ, ಅದನ್ನು ನಾವೇ ಭರಿಸಬೇಕಾ?

ಕಾಯಿದೆ ಅಕ್ಕ:
ಖಾಲಿ ಬಿಡಬೇಡಿ. ವರ್ಷದ ಬ್ರುಟ್ಟೋ (ತೆರಿಗೆ ಕಡಿತಕ್ಕೆ ಮುಂಚಿನ) ಮೊತ್ತ ಒಂದೇ ಅಂಕಿ ಬರೆಯಿರಿ, ಬ್ಲೂ ಕಾರ್ಡ್ ಮಿತಿಗಿಂತ ಮೇಲೆ ಇರಲಿ. ಟಾರಿಫ್ ಕಂಪನಿಯಾದರೆ ‘ಟಾರಿಫ್ ಪ್ರಕಾರ’ ಅಂತ ಬರೆದರೂ ನಡೆಯುತ್ತದೆ.

ಪ್ರಯಾಣದ ಖರ್ಚು: ಕಂಪನಿಯೇ ಇಂಟರ್‌ವ್ಯೂಗೆ ಕರೆದಿದ್ದರೆ ಕಾನೂನಿನ ಪ್ರಕಾರ ಅವರೇ ಕೊಡಬೇಕು, ಕೆಲಸ ಸಿಗಲಿ ಬಿಡಲಿ. ‘ಖರ್ಚು ಕೊಡುವುದಿಲ್ಲ’ ಅಂತ ಕರೆಯುವಾಗಲೇ ತಿಳಿಸಿದ್ದರೆ ಮಾತ್ರ ಕೇಳಲು ಬರುವುದಿಲ್ಲ. ಹಾಗಾಗಿ ಆಮಂತ್ರಣದ ಮೇಲ್ ಕೊನೆಯ ಸಾಲಿನ ತನಕ ಓದಿ. ಏನೂ ಬರೆದಿಲ್ಲದಿದ್ದರೆ ಹೋಗುವ ಮುಂಚೆ ಒಂದು ಸಾಲಿನ ಮೇಲ್ ಹಾಕಿ ಕೇಳಿ, ಟಿಕೆಟ್ ಎತ್ತಿಟ್ಟುಕೊಳ್ಳಿ. ಮೊದಲ ಸುತ್ತು ವಿಡಿಯೋದಲ್ಲಿ ಮಾಡೋಣವಾ ಅಂತಲೂ ಕೇಳಬಹುದು.

ನಟ್ಟುಬೋಲ್ಟು:
ಕ್ಯೂನ್‌ಜೆಲ್ಸೌಗೆ ರೈಲು ಇಲ್ಲ ಈಗ. ವಾಲ್ಡೆನ್‌ಬುರ್ಗ್ ತನಕ ರೈಲು, ಅಲ್ಲಿಂದ ಬಸ್ಸು. ಇಂಟರ್‌ವ್ಯೂ ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ರಾತ್ರಿಯೇ ಬಂದಿರಬೇಕಾಗುತ್ತದೆ.